ಮಜ್ಜಿಗೆ ಹಳ್ಳದ ದಂಡೆಯಲ್ಲಿ

ಬಫಲೋ ಸುತ್ತಮುತ್ತ ಇರುವ ಕನ್ನಡದ ಮನೆಗಳಿಗೆ ಬೇಸಿಗೆ ಬಂತೆಂದರೆ ಒಂದು ಖಾಯಂ ಡ್ಯೂಟಿ: ನಯಾಗರ ತೋರಿಸುವುದು. ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ, ನ್ಯೂಜೆರ್ಸಿಯ ಸ್ನೇಹಿತರು, ಆ ಸ್ನೇಹಿತರ ಅತ್ತೆ-ಮಾವ. ಎಷ್ಟು ಸಲ ಹೋಗಿದ್ದೇವೆ ಅಂತ ಲೆಕ್ಕ ಇಡುವುದನ್ನು ನಾನು ಬಿಟ್ಟು ವರ್ಷಗಳಾದವು. ಚಿತ್ರಾನ್ನದ ಡಬ್ಬಿ, ನೀಲಿ ರೇನ್‌ಕೋಟು, ದೋಣಿಯಲ್ಲಿ ಫೋಟೊ, ಮನೆಗೆ ವಾಪಸ್. ಅಷ್ಟೊಂದು ನೀರು ಬರುವುದೆಲ್ಲಿಂದ ಅಂತ ಕೇಳುವವರು ಮಾತ್ರ ಕಡಿಮೆ.

ನಮ್ಮ ಮಾವ ಕೇಳಿದರು. ಅವರು ಹಾಸನ ಜಿಲ್ಲೆಯಲ್ಲಿ ಸಣ್ಣ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ಎಂಜಿನಿಯರು. ಕೆರೆ ಏರಿ, ಕೋಡಿ, ತೂಬು, ಹೂಳು, ಇವೇ ಅವರ ಜೀವನ. ನೀರು ಬೀಳುವುದನ್ನು ಎಲ್ಲರೂ ನೋಡುತ್ತಿದ್ದರೆ ಅವರು ನೀರು ಬರುವ ದಿಕ್ಕಿಗೆ ತಿರುಗಿ ನಿಂತಿದ್ದರು. ಈರಿ ಸರೋವರದಿಂದ ನಯಾಗರ ನದಿಯಾಗಿ ಬರುತ್ತದೆ ಅಂದೆ. ಸರೋವರಕ್ಕೆ? ಹತ್ತಾರು ಹಳ್ಳ-ಹೊಳೆಗಳಿಂದ. ಅವುಗಳಲ್ಲಿ ಒಂದು ಕ್ಯಾಟರಾಗಸ್ ಕ್ರೀಕ್. ಅದಕ್ಕೆ ಸೇರುವ ಒಂದು ಉಪಹಳ್ಳದ ಹೆಸರು ಬಟರ್‌ಮಿಲ್ಕ್ ಕ್ರೀಕ್. "ಮಜ್ಜಿಗೆ ಹಳ್ಳ!" ಅಂದ ಏಳು ವರ್ಷದ ಮಗ, ತಾನೇ ಅನುವಾದ ಮಾಡಿದ ಖುಷಿಯಲ್ಲಿ. ಆ ಹೆಸರು ನಮ್ಮ ಮನೆಯಲ್ಲಿ ಹಾಗೇ ಉಳಿಯಿತು.

ಮಜ್ಜಿಗೆ ಹಳ್ಳದ ದಂಡೆಯಲ್ಲೇ ಅಮೆರಿಕದ ಅತಿ ವಿಚಿತ್ರ ಜಾಗಗಳಲ್ಲಿ ಒಂದಿದೆ. ನಯಾಗರಕ್ಕೆ ಬರುವ ಲಕ್ಷಾಂತರ ಜನರಲ್ಲಿ ನೂರಕ್ಕೊಬ್ಬರಿಗೂ ಅದು ಗೊತ್ತಿರಲಿಕ್ಕಿಲ್ಲ. ನಾವು ಮರುವಾರ ಅತ್ತ ಹೊರಟೆವು.

ಬಫಲೋದಿಂದ 219ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಬೇಕು. ಸುಮಾರು 50 ಕಿಲೋಮೀಟರು. ಅಂಗಡಿ ಸಾಲು, ಪಾರ್ಕಿಂಗ್ ಲಾಟುಗಳು ಮುಗಿದು ಗುಡ್ಡಗಳು ಶುರುವಾಗುತ್ತವೆ. ಹಸಿರು ಹುಲ್ಲುಗಾವಲು, ಕೆಂಪು ಕಣಜದ ಮನೆಗಳು, ದನ. ಮಲೆನಾಡಿನ ಸೆರಗಿನಂತೆ ಕಾಣುತ್ತದೆ ಅಂತ ಮಾವನ ಅಭಿಪ್ರಾಯ, ಅಡಿಕೆ ಒಂದು ಇಲ್ಲ. ಸ್ಪ್ರಿಂಗ್‌ವಿಲ್ ಎಂಬ ಪುಟ್ಟ ಊರು ದಾಟಿದರೆ ಕ್ಯಾಟರಾಗಸ್ ಕ್ರೀಕ್‌ಗೆ ಅಡ್ಡಲಾಗಿ ಸ್ಕೋಬಿ ಅಣೆಕಟ್ಟು ಎಂಬ ಹಳೆಯ ಸಣ್ಣ ಕಟ್ಟು ಇದೆ. ಪಕ್ಕದಲ್ಲಿ ಪುಟ್ಟ ಪಾರ್ಕು. ಮಕ್ಕಳೊಂದಿಗೆ ಮೊದಲ ನಿಲುಗಡೆಗೆ ಒಳ್ಳೆಯ ಜಾಗ. ಈರಿ ಸರೋವರದಿಂದ ಹೊಳೆ ಹತ್ತಿ ಬರುವ ಸ್ಟೀಲ್‌ಹೆಡ್ ಮೀನುಗಳಿಗೆ ಇದೇ ಕೊನೆಯ ನಿಲ್ದಾಣ. ಶರತ್ಕಾಲದಲ್ಲಿ ಗಾಳ ಹಿಡಿದವರ ಸಾಲೇ ಇರುತ್ತದೆ.

ಅಲ್ಲಿ ಮಾವ ನೀರು ನೋಡಲಿಲ್ಲ, ದಂಡೆ ನೋಡಿದರು. ಕಡಿದಾದ, ಬೂದು ಬಣ್ಣದ ಜೇಡಿ ದಂಡೆ. ಬುಡ ಕೊರೆದು ಮೇಲಿನ ಮರಗಳು ಓರೆಯಾಗಿ ನಿಂತಿದ್ದವು. "ನೋಡಮ್ಮಾ, ಈ ಮಣ್ಣು ನಿಲ್ಲೋ ಮಣ್ಣಲ್ಲ. ಹಳ್ಳ ಇನ್ನೂ ತಳಕ್ಕೆ ಇಳೀತಾನೇ ಇದೆ," ಅಂದರು. ಅವರಿಗೆ ಇನ್ನೂ ನಾನು ಏನನ್ನೂ ಹೇಳಿರಲಿಲ್ಲ. ಭೂವಿಜ್ಞಾನಿಗಳು ದಪ್ಪ ದಪ್ಪ ವರದಿಗಳಲ್ಲಿ ವಾದಿಸಿದ ವಿಷಯದ ತಿರುಳು ಅವರ ಬಾಯಿಂದ ಐದು ನಿಮಿಷದಲ್ಲಿ ಬಂತು. ಹಿಮಯುಗದ ಹಿಮಗಡ್ಡೆ ಹಿಂದೆ ಸರಿದ ಮೇಲೆ ಉಳಿದ ಜೇಡಿಮಣ್ಣಿನ ಹಾಸು ಇದು. ಅಂದಿನಿಂದ ಹಳ್ಳಗಳು ಅದನ್ನು ಕೊರೆಯುತ್ತಲೇ ಇವೆ. ಭೂಮಿಯ ಲೆಕ್ಕದಲ್ಲಿ ಇದು ತೀರಾ ಎಳೆಯ ಕಣಿವೆ.

ಅಲ್ಲಿಂದ ಸ್ವಲ್ಪ ದೂರ, ಆಶ್‌ಫರ್ಡ್ ಎಂಬ ಹಳ್ಳಿಯ ವ್ಯಾಪ್ತಿಯಲ್ಲಿ, ರಾಕ್ ಸ್ಪ್ರಿಂಗ್ಸ್ ರಸ್ತೆಯಲ್ಲಿ ಹೋದರೆ ಬೇಲಿ ಕಾಣುತ್ತದೆ. ಬೇಲಿಯಾಚೆ ಕಟ್ಟಡ, ಕ್ರೇನು, ಬಿಳಿ ಟೆಂಟಿನಂಥ ಶೆಡ್ಡುಗಳು. ಒಳಗೆ ಬಿಡುವುದಿಲ್ಲ. ಗೇಟಿನ ಎದುರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಆಸೆಯೂ ಬೇಡ, ರಸ್ತೆಯಲ್ಲಿ ನಿಧಾನಕ್ಕೆ ಹಾದುಹೋದರೆ ಸಾಕು. ಇದೇ ವೆಸ್ಟ್ ವ್ಯಾಲಿ. ಬಳಸಿದ ಪರಮಾಣು ಇಂಧನವನ್ನು ಕರಗಿಸಿ ಯುರೇನಿಯಂ, ಪ್ಲುಟೋನಿಯಂ ಬೇರೆ ಮಾಡುವ ಖಾಸಗಿ ಕಾರ್ಖಾನೆ ಅಮೆರಿಕದಲ್ಲಿ ನಿಜವಾಗಿ ನಡೆದದ್ದು ಇದೊಂದೇ. ಸುಮಾರು 3,300 ಎಕರೆ ಜಾಗ ನ್ಯೂಯಾರ್ಕ್ ರಾಜ್ಯದ್ದು, ನಡೆಸಿದ್ದು ನ್ಯೂಕ್ಲಿಯರ್ ಫ್ಯುಯೆಲ್ ಸರ್ವಿಸಸ್ ಎಂಬ ಕಂಪನಿ. 1966ರಲ್ಲಿ ಶುರು, 1972ರಲ್ಲಿ ಬಂದ್. ಆರು ವರ್ಷದಲ್ಲಿ ಸುಮಾರು 640 ಟನ್ ಇಂಧನ ಸಂಸ್ಕರಿಸಿದರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೇಂದ್ರ ಸರ್ಕಾರದಿಂದಲೇ ಬಂದದ್ದು. ವಿಸ್ತರಿಸುತ್ತೇವೆ ಅಂತ ನಿಲ್ಲಿಸಿದ ಕಂಪನಿ, 1976ರಲ್ಲಿ ಈ ವ್ಯವಹಾರವೇ ಬೇಡ ಎಂದು ಕೈತೊಳೆದುಕೊಂಡಿತು. ಉಳಿದದ್ದು ನೆಲದಡಿಯ ತೊಟ್ಟಿಗಳಲ್ಲಿ ಸುಮಾರು 6 ಲಕ್ಷ ಗ್ಯಾಲನ್ ಉಗ್ರ ವಿಕಿರಣದ ದ್ರವ, ಕಲುಷಿತ ಕಟ್ಟಡ, ಮತ್ತು ಕಸ ಹೂತ ಹೊಂಡಗಳು.

1980ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿಯೊಂದಿಗೆ ಇದಕ್ಕೇ ಒಂದು ಕಾಯಿದೆ ಬಂತು. ದ್ರವವನ್ನು ಗಟ್ಟಿ ಮಾಡಬೇಕು. ಖರ್ಚಿನಲ್ಲಿ ನೂರಕ್ಕೆ 90 ಕೇಂದ್ರದ್ದು, 10 ರಾಜ್ಯದ್ದು. 1996ರಿಂದ 2002ರವರೆಗೆ ಆ ದ್ರವವನ್ನು ಗಾಜಿನ ಜೊತೆ ಕರಗಿಸಿ, ಹತ್ತು ಅಡಿ ಎತ್ತರದ ಸ್ಟೀಲ್ ಡಬ್ಬಿಗಳಿಗೆ ಸುರಿದರು. 275 ಡಬ್ಬಿ. ಅವು ಈಗಲೂ ಅಲ್ಲೇ ಇವೆ. ದಪ್ಪ ಕಾಂಕ್ರೀಟಿನ ಪೀಪಾಯಿಗಳಲ್ಲಿ ಐದೈದರಂತೆ, ಬಯಲಲ್ಲಿ ನಿಂತಿವೆ. ಕಳಿಸಲು ದೇಶದಲ್ಲಿ ಇನ್ನೂ ಜಾಗವಾಗಿಲ್ಲ.

ಹನ್ನೆರಡು ವರ್ಷದ ಮಗಳಿಗೆ ನಾನು ಕೊಟ್ಟ ಕೆಲಸ, ಇದನ್ನು ತಾತನಿಗೆ ಕನ್ನಡದಲ್ಲಿ ಹೇಳು ಅಂತ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು: ಊಟ, ಆಟ, ಜಗಳ ಎಲ್ಲ ಕನ್ನಡದಲ್ಲಿ ಸಲೀಸು, ಶಾಲೆಯ ವಿಷಯ ಬಂದ ಕೂಡಲೇ ಇಂಗ್ಲಿಷು. "ತಾತ, ಅವರು ಅದನ್ನ... ಗ್ಲಾಸ್ ಮಾಡಿದ್ರು. ಕುಡಿಯೋ ಗ್ಲಾಸ್ ಅಲ್ಲ." ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಒದ್ದಾಟ. ಕೊನೆಗೆ ದಾರಿ ತೋರಿಸಿದ್ದು ತಾತನೇ. "ಸಂಕ್ರಾಂತಿ ಸಕ್ಕರೆ ಅಚ್ಚು ಮಾಡ್ತೀವಲ್ಲ ಪುಟ್ಟಿ, ಹಾಗಾ? ಪಾಕಕ್ಕೆ ಬಣ್ಣ ಹಾಕಿ ಅಚ್ಚಿಗೆ ಹುಯ್ದರೆ ಬಣ್ಣ ಅದರೊಳಗೇ ಗಟ್ಟಿ. ಆಮೇಲೆ ಬಣ್ಣ ಒಂದೇ ಬೇರೆ ಹರಿಯೋದಿಲ್ಲ." ಅದೇ. ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ. ಅರ್ಧಾಯುಷ್ಯದ ವಿಷಯದಲ್ಲಿ ಮಾತ್ರ ತಾತ ಜಗಳಕ್ಕೆ ನಿಂತರು: "ಅರ್ಧಾಯುಷ್ಯ ಅಂದ್ರೆ ಪಾಪ ಬೇಗ ಸತ್ತೋದ ಅಂತ ಅನ್ನಿಸಲ್ವೇನೇ?" ಮಗಳು ಪೇಪರ್ ಮೇಲೆ ಹದಿನಾರು ಲಾಡು ಬರೆದಳು. ಸ್ಟ್ರಾನ್ಷಿಯಂ-90 ಆದರೆ ಸುಮಾರು 29 ವರ್ಷಕ್ಕೆ ಎಂಟು, ಇನ್ನೊಂದು 29ಕ್ಕೆ ನಾಲ್ಕು. ಪ್ಲುಟೋನಿಯಂ-239 ಆದರೆ ಹದಿನಾರು ಎಂಟಾಗಲು ಸುಮಾರು 24,000 ವರ್ಷ. ತಾತ ಆ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡರು.

ಗಾಜಾದದ್ದು ಸುಲಭದ ಭಾಗ ಅನ್ನಬೇಕು, ಅಷ್ಟೊಂದು ವರ್ಷ ಹಿಡಿದರೂ. ಕಷ್ಟದ್ದು ನೆಲದಲ್ಲಿರುವುದು. 1960ರ ದಶಕದಲ್ಲಿ ಮುಖ್ಯ ಕಟ್ಟಡದ ಅಡಿಯಲ್ಲಿ ಸೋರಿದ ಸ್ಟ್ರಾನ್ಷಿಯಂ ಅಂತರ್ಜಲದಲ್ಲಿ ನಿಧಾನಕ್ಕೆ ಹರಡಿದೆ. ಅದನ್ನು ತಡೆಯಲು 2010ರಲ್ಲಿ ಸುಮಾರು 860 ಅಡಿ ಉದ್ದದ ಕಂದಕ ತೋಡಿ, ಜಿಯೊಲೈಟ್ ಎಂಬ ಖನಿಜ ತುಂಬಿದರು. ನೀರು ಹಾದುಹೋಗುತ್ತದೆ, ಸ್ಟ್ರಾನ್ಷಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ 15 ಎಕರೆಯ ಹೂಳುವ ಜಾಗ. 1963ರಿಂದ 1975ರವರೆಗೆ ಆಸ್ಪತ್ರೆ, ಪ್ರಯೋಗಾಲಯ, ಸ್ಥಾವರಗಳ ಕಸ ತಂದು ಉದ್ದನೆಯ ಕಂದಕಗಳಲ್ಲಿ ಹೂತರು. 1975ರಲ್ಲಿ ಕಂದಕದೊಳಗೆ ಮಳೆನೀರು ತುಂಬಿ ಮೇಲಕ್ಕೆ ಉಕ್ಕಿತು. ಆಮೇಲೆ ಮುಚ್ಚಿದರು. ಈ ಜಾಗದ ಎರಡು ಬದಿಯಲ್ಲೂ ಹಳ್ಳ: ಒಂದು ಕಡೆ ಫ್ರ್ಯಾಂಕ್ಸ್ ಕ್ರೀಕ್, ಇನ್ನೊಂದು ಕಡೆ ಅರ್ಡ್‌ಮನ್ ಬ್ರೂಕ್. ಎರಡೂ ಮಣ್ಣು ಕೊರೆಯುತ್ತ ಮಜ್ಜಿಗೆ ಹಳ್ಳಕ್ಕೆ, ಅದು ಕ್ಯಾಟರಾಗಸ್‌ಗೆ, ಅದು ಈರಿಗೆ, ಈರಿ ನಯಾಗರಕ್ಕೆ.

ಹೆದರಬೇಡಿ. ಇಂದು ಹೊರಗೆ ಬರುತ್ತಿರುವುದು ಕಾನೂನಿನ ಮಿತಿಗಿಂತ ಬಹಳ ಕಡಿಮೆ ಅಂತ ಪ್ರತಿವರ್ಷದ ಮಾಪನ ವರದಿಗಳು ಹೇಳುತ್ತವೆ. ರಸ್ತೆಯಲ್ಲಿ ಕಾರಿನಲ್ಲಿ ಹೋಗುವ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಪ್ರಶ್ನೆ ಇರುವುದು ನಾಳೆಯ ಬಗ್ಗೆ. ನೂರು ವರ್ಷ, ಸಾವಿರ ವರ್ಷ ಹಳ್ಳ ಹೀಗೇ ಕೊರೆಯುತ್ತ ಬಂದರೆ? ಹೂತದ್ದನ್ನು ಅಗೆದು ಬೇರೆಡೆ ಸಾಗಿಸಬೇಕೋ, ಮೇಲೆ ಹೊದಿಕೆ ಹಾಕಿ ಇಲ್ಲೇ ಬಿಡಬೇಕೋ?

ಅದನ್ನು ತೀರ್ಮಾನಿಸಲು ಅಮೆರಿಕದ ಕಾನೂನಿನ ಪ್ರಕಾರ ಪರಿಸರ ಪರಿಣಾಮ ವರದಿ ಬೇಕು. ಇಲ್ಲಿಂದ ಕಥೆ ನನ್ನ ಮಟ್ಟಿಗೆ ನಯಾಗರಕ್ಕಿಂತ ರೋಚಕ.

ವರದಿ ಸುಮ್ಮನೆ ಬಂದದ್ದಲ್ಲ. 1980ರ ದಶಕದಲ್ಲೇ ಇಲ್ಲಿನ ಜನ ಒಕ್ಕೂಟ ಕಟ್ಟಿಕೊಂಡು ಕೋರ್ಟಿಗೆ ಹೋದರು, 1987ರಲ್ಲಿ ರಾಜಿಯಾಯಿತು. ಕರಡು ವರದಿ 1996ರಲ್ಲಿ ಬಂತು. ಅದು ತೀರ್ಮಾನಕ್ಕೆ ಬರಲಿಲ್ಲ; ಮತ್ತೆ ಬರೆದರು. ಪರಿಷ್ಕೃತ ಕರಡು 2008ರ ಡಿಸೆಂಬರಿನಲ್ಲಿ ಬಂತು. ಬರೆದವರು ಕೇಂದ್ರದ ಇಂಧನ ಇಲಾಖೆ ಮತ್ತು ರಾಜ್ಯದ ಇಂಧನ ಪ್ರಾಧಿಕಾರ, ಇಬ್ಬರೂ ಸೇರಿ. ಮಾವ ತಟ್ಟನೆ ಹಿಡಿದರು: "ಕೆಲಸ ಮಾಡಬೇಕಾದವನೇ ಎಸ್ಟಿಮೇಟೂ ಹಾಕ್ದ, ಎಂ.ಬಿ.ನೂ ಬರೆದ. ಚೆಕ್ ಮಾಡೋರು ಯಾರು?"

ಎಂ.ಬಿ. ಅಂದರೆ ಅಳತೆ ಪುಸ್ತಕ. ಗುತ್ತಿಗೆಯ ಕೆಲಸದಲ್ಲಿ ಎಷ್ಟು ಮಣ್ಣು ತೆಗೆದರು, ಎಷ್ಟು ಕಲ್ಲು ಹಾಕಿದರು ಅಂತ ಬರೆಯುವ ಪುಸ್ತಕ. ಅದನ್ನು ಬರೆದವರೇ ಸರಿ ಎಂದು ಸಹಿ ಹಾಕಿದರೆ ಏನಾಗುತ್ತದೆಂದು ಮಾವನಿಗೆ ಹೇಳಿಕೊಡಬೇಕಿಲ್ಲ. ಇದಕ್ಕೇ ನಮ್ಮೂರಲ್ಲಿ ಥರ್ಡ್ ಪಾರ್ಟಿ ತಪಾಸಣೆ ಎನ್ನುವುದು.

ಇಲ್ಲೂ ಅದೇ ಆಯಿತು. ಕರಡು ಹೊರಬರುವ ಮುನ್ನವೇ ರಾಜ್ಯದ ಪ್ರಾಧಿಕಾರ ಹೊರಗಿನ ವಿಜ್ಞಾನಿಗಳ ಸ್ವತಂತ್ರ ತಂಡವೊಂದನ್ನು ಕರೆಸಿತು. ಮಣ್ಣಿನ ಸವೆತ, ಅಂತರ್ಜಲ, ಭೂವಿಜ್ಞಾನ, ವಿಕಿರಣ ಸುರಕ್ಷತೆ, ಅಪಾಯದ ಗಣಿತ, ಒಂದೊಂದರಲ್ಲೂ ಹೆಸರು ಮಾಡಿದವರು. ಆಗ ದೇಶದ ಪರಮಾಣು ತ್ಯಾಜ್ಯ ತಾಂತ್ರಿಕ ಪರಿಶೀಲನಾ ಮಂಡಳಿಯ ಅಧ್ಯಕ್ಷರಾಗಿದ್ದ ಜಾನ್ ಗ್ಯಾರಿಕ್ ಕೂಡ ಅವರಲ್ಲಿದ್ದರು. ವರದಿಯಲ್ಲಿನ ಒಂದೊಂದು ಲೆಕ್ಕವೂ ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆಗೆ ಆಧಾರವೇನು, ಉತ್ತರ ತಪ್ಪಾಗುವ ಸಾಧ್ಯತೆಯನ್ನು ಬರೆದವರು ಎಷ್ಟು ತೋರಿಸಿದ್ದಾರೆ, ಇದು ಅವರ ಕೆಲಸ. ಶುಚಿಗೊಳಿಸುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಲ್ಲ.

ಅವರು ಸಿಕ್ಕಿಹಾಕಿಕೊಂಡದ್ದು ಸ್ಕೋಬಿ ಅಣೆಕಟ್ಟಿನ ಹತ್ತಿರ ಮಾವ ನೋಡಿದ ಮಣ್ಣಿನಲ್ಲಿಯೇ. ಹಳ್ಳ ಸಾವಿರಾರು ವರ್ಷದಲ್ಲಿ ಹೇಗೆ ಕೊರೆಯುತ್ತದೆ ಅಂತ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದ್ದರು. ಆ ಮಾದರಿಗೆ ಕೊಟ್ಟ ಅಂಕಿಗಳು ಈ ಜಾಗದ್ದೇನಾ? ಮಳೆ, ಮಣ್ಣು, ಕೊರಕಲು ಬೆಳೆಯುವ ವೇಗ ಸ್ವಲ್ಪ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ? ಹೊದಿಕೆ, ಗೋಡೆಗಳು ಅಷ್ಟು ದೀರ್ಘಕಾಲ ಕೆಲಸ ಮಾಡುತ್ತವೆ ಎಂಬುದಕ್ಕೆ ಪುರಾವೆ ಎಲ್ಲಿ? ಒಂದು ಉತ್ತರ ಕೊಟ್ಟು ಅದರ ಸುತ್ತಲಿನ ಅನಿಶ್ಚಿತತೆಯನ್ನು ಬಿಟ್ಟುಬಿಟ್ಟರೆ ಓದುವವರು ಅದನ್ನೇ ಸತ್ಯ ಅಂದುಕೊಳ್ಳುತ್ತಾರಲ್ಲವೇ?

ಪರಿಣಾಮವಾಗಿ ಪರಿಷ್ಕೃತ ಕರಡಿನಲ್ಲಿ ಒಂದು ಅಪರೂಪದ ಸಂಗತಿ ಕಾಣುತ್ತದೆ. ವರದಿಯ ಜಂಟಿ ಲೇಖಕರಾದ ರಾಜ್ಯದ ಪ್ರಾಧಿಕಾರದವರು ಅದೇ ಪುಸ್ತಕದ ಮುನ್ನುಡಿಯಲ್ಲಿ, ಈ ವರದಿಯ ದೀರ್ಘಕಾಲದ ಲೆಕ್ಕಗಳನ್ನು ನಾವು ಒಪ್ಪುವುದಿಲ್ಲ ಎಂದು ಬರೆದರು. ಸವೆತದ ಲೆಕ್ಕ ವೈಜ್ಞಾನಿಕವಾಗಿ ನಿಲ್ಲುವುದಿಲ್ಲ, ಅಂತರ್ಜಲದ ಲೆಕ್ಕಕ್ಕೆ ಇನ್ನೂ ಕೆಲಸ ಬೇಕು, ಇವುಗಳ ಆಧಾರದ ಮೇಲೆ ಶಾಶ್ವತ ತೀರ್ಮಾನ ಮಾಡಬಾರದು ಅಂತ. ಕೇಂದ್ರದ ಇಲಾಖೆ ತನ್ನ ಲೆಕ್ಕ ಸರಿಯೆಂದೇ ನಿಂತಿತು. ಒಂದೇ ಹೊದಿಕೆಯೊಳಗೆ ಎರಡು ಮಾತು. ಲಗ್ನಪತ್ರಿಕೆಯಲ್ಲೇ ಬೀಗರ ತಕರಾರು ಅಚ್ಚಾದ ಹಾಗೆ, ಅಂದ ನನ್ನ ಗಂಡ, ಅಷ್ಟು ಹೊತ್ತು ಸುಮ್ಮನೆ ಕಾರು ಓಡಿಸುತ್ತಿದ್ದವನು.

ನನಗೆ ಇದು ಜಗಳಕ್ಕಿಂತ ಹೆಚ್ಚಾಗಿ ಧೈರ್ಯವಾಗಿ ಕಂಡಿತು. ಭಿನ್ನಮತವನ್ನು ಫೈಲಿನಲ್ಲಿ ಮುಚ್ಚಿಡುವುದು ಸುಲಭ. ಮುನ್ನುಡಿಯಲ್ಲೇ ಅಚ್ಚು ಹಾಕಿದ್ದರಿಂದ ವಿಜ್ಞಾನ ಓದದ ರೈತರಿಗೂ ಗೃಹಿಣಿಯರಿಗೂ ಎಲ್ಲಿ ಪ್ರಶ್ನೆ ಕೇಳಬೇಕೆಂದು ಗೊತ್ತಾಯಿತು.

ಇನ್ನೊಂದು ಪಾಠವನ್ನು ಮಳೆಯೇ ಹೇಳಿತು. ಕರಡಿನ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಿದ್ದ ಕಾಲದಲ್ಲೇ, 2009ರ ಆಗಸ್ಟ್ 9 ಮತ್ತು 10ರ ರಾತ್ರಿ, ಈ ಭಾಗದಲ್ಲಿ ಭಾರಿ ಮಳೆ ಸುರಿಯಿತು. ಕೆಳಗಿನ ಗೊವಾಂಡ ಊರಿಗೆ ನೀರು ನುಗ್ಗಿತು, ಜೀವಗಳೂ ಹೋದವು. ಮೇಲೆ ಮಜ್ಜಿಗೆ ಹಳ್ಳದ ಇಳಿಜಾರು ಕುಸಿಯಿತು. ಸಾವಿರ ವರ್ಷದ ಸರಾಸರಿ ಲೆಕ್ಕ ಹಾಕುವಾಗ ಇಂಥ ಒಂದು ರಾತ್ರಿಯನ್ನು ಎಲ್ಲಿ ಸೇರಿಸುತ್ತೀರಿ? ಸಭೆಗಳಲ್ಲಿ ಆಮೇಲೆ ಈ ಪ್ರಶ್ನೆ ಬಾರದೇ ಇರುತ್ತದೆಯೇ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣು ವರ್ಷಕ್ಕಿಷ್ಟು ಅಂತ ಕಂತಿನಲ್ಲಿ ಹೋಗುವುದಿಲ್ಲ.

ಅಂತಿಮ ವರದಿ 2010ರ ಜನವರಿಯಲ್ಲಿ ಬಂತು. ಎಲ್ಲವನ್ನೂ ಅಗೆಯುವುದೂ ಅಲ್ಲ, ಇಲ್ಲೇ ಮುಚ್ಚುವುದೂ ಅಲ್ಲ, ಹಂತಹಂತವಾಗಿ ತೀರ್ಮಾನ. ಮೊದಲ ಹಂತದಲ್ಲಿ ಎಲ್ಲರೂ ಒಪ್ಪುವ ಕೆಲಸ: ಕಟ್ಟಡ ಕೆಡವುವುದು, ಸೋರಿಕೆಯ ಮೂಲದ ಮಣ್ಣು ತೆಗೆಯುವುದು. ಹೂತ ಹೊಂಡ, ತೊಟ್ಟಿಗಳ ಗತಿ ಎರಡನೇ ಹಂತಕ್ಕೆ. ಕರಡಿನಲ್ಲಿ ಆ ಎರಡನೇ ತೀರ್ಮಾನಕ್ಕೆ 30 ವರ್ಷದವರೆಗೆ ಅವಕಾಶವಿತ್ತು. ಜನ ಬಿಡಲಿಲ್ಲ, ಕೇಂದ್ರದ ಇಲಾಖೆ ತನ್ನ ಗಡುವನ್ನು 10 ವರ್ಷಕ್ಕೆ ಇಳಿಸಿತು. 2020 ಬಂದು ಹೋಯಿತು, ತೀರ್ಮಾನ ಆಗಲಿಲ್ಲ ಅನ್ನುವುದು ಬೇರೆ ಮಾತು. 2018ರಲ್ಲಿ ಪೂರಕ ವರದಿಯ ಕೆಲಸ ಶುರುವಾಯಿತು. ಮುಖ್ಯ ಕಟ್ಟಡ ಕೆಡವುವ ಕೆಲಸ 2022ರಲ್ಲಿ ಆರಂಭವಾಯಿತು.

ತಡವಾಯಿತು ಅಂತ ಬೈಯಬಹುದು, ನಾನೂ ಬೈಯುತ್ತೇನೆ. ಆದರೆ ಈ ನಡುವೆ ಆದ ಒಂದು ಕೆಲಸ ನನಗೆ ಬಹಳ ಇಷ್ಟ. ಸವೆತದ ಬಗ್ಗೆ ತಕರಾರಿದ್ದುದರಿಂದ ಎರಡೂ ಸಂಸ್ಥೆಗಳು ಸೇರಿ ಒಂದೇ ತಜ್ಞರ ಗುಂಪನ್ನು ಹಳ್ಳಕ್ಕಿಳಿಸಿದವು, ಆ ಅಧ್ಯಯನಗಳ ಮೇಲೆ ಕಣ್ಣಿಡಲು ಇನ್ನೊಂದು ಸ್ವತಂತ್ರ ವೈಜ್ಞಾನಿಕ ಸಮಿತಿಯನ್ನೂ ಇಟ್ಟವು. ಅವರು ಮಜ್ಜಿಗೆ ಹಳ್ಳದ ದಂಡೆಯ ಮೆಟ್ಟಿಲು ಮೆಟ್ಟಿಲಾದ ಹಳೆಯ ಹಾಸುಗಳಿಂದ ಮರಳು ತೆಗೆದರು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಪ್ರಯೋಗಾಲಯದಲ್ಲಿ ತಿಳಿಯಬಹುದು. ಕತ್ತಲಲ್ಲೇ ತೆಗೆದು ಕತ್ತಲಲ್ಲೇ ಸಾಗಿಸಬೇಕು. ಅದರಿಂದ ಹಳ್ಳ ಯಾವ ಕಾಲದಲ್ಲಿ ಎಷ್ಟು ಎತ್ತರದಲ್ಲಿ ಹರಿಯುತ್ತಿತ್ತು ಅಂತ ಗೊತ್ತಾಗುತ್ತದೆ. ಕೊಲೊರಾಡೋ ವಿಶ್ವವಿದ್ಯಾಲಯದ ಗ್ರೆಗ್ ಟಕ್ಕರ್ ಮುಂತಾದವರು ಆಮೇಲೆ ಒಂದೇ ಮಾದರಿಗೆ ಜೋತುಬೀಳದೆ ಹಲವು ಮಾದರಿಗಳನ್ನು ಪಕ್ಕಪಕ್ಕ ಓಡಿಸಿ, ಯಾವುದು ಇಂದಿನ ಕಣಿವೆಯ ಆಕಾರಕ್ಕೆ ಹತ್ತಿರ ಬರುತ್ತದೆ ಅಂತ ನೋಡಿದರು. "ಬಿಸಿಲು ಕಂಡದ್ದು ಯಾವಾಗ" ಎಂಬ ಮಾತು ಮಗನ ತಲೆಗೆ ಹೊಕ್ಕಿತು. ಆ ದಿನವೆಲ್ಲ ಸಿಕ್ಕ ಕಲ್ಲನ್ನೆಲ್ಲ ಎತ್ತಿ "ಇದು ಬಿಸಿಲು ಕಂಡಿದೆಯಾ" ಅಂತ ಕೇಳುತ್ತಿದ್ದ.

ಊರಲ್ಲಿ ಇಂಥದ್ದು ನಡೆದಿಲ್ಲವೇ ಅಂತ ಮಕ್ಕಳು ಕೇಳಿದರೆ ಹೇಳಲು ವಿಷಯ ಇದೆ. ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿದರು, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. 2012ರಲ್ಲಿ ಕೂಡಂಕುಳಂ ಮೊಕದ್ದಮೆಯ ನಡುವೆ ಪರಮಾಣು ತ್ಯಾಜ್ಯಕ್ಕೆ ಕೋಲಾರದ ಚಿನ್ನದ ಗಣಿಯ ಹೆಸರು ಬಂದಾಗ ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು, ಮಾತು ಹಿಂದೆ ಹೋಯಿತು. ಬೀದಿಗಿಳಿಯುವುದು ನಮಗೆ ಗೊತ್ತು. ವರದಿಯ ಲೆಕ್ಕವನ್ನು ಸಾಲುಸಾಲಾಗಿ ಬಿಡಿಸಿ ನೋಡುವ, ಯಾರ ಹಂಗೂ ಇಲ್ಲದ ತಜ್ಞರನ್ನು ಊರಿನವರ ಪರವಾಗಿ ಕೂರಿಸುವುದು ಅಷ್ಟಾಗಿ ರೂಢಿಯಾಗಿಲ್ಲ. ಇದು ಮಾವನ ಮಾತು. ನಾನು ಒಪ್ಪುತ್ತೇನೆ.

ವೆಸ್ಟ್ ವ್ಯಾಲಿಯಲ್ಲಿ 1990ರ ದಶಕದಿಂದ ನಾಗರಿಕರ ಕಾರ್ಯಪಡೆಯೊಂದಿದೆ. ಸಾರ್ವಜನಿಕ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ನಾವು ಒಂದಕ್ಕೆ ಮನೆಯಿಂದಲೇ ಆನ್‌ಲೈನ್ ಸೇರಿದೆವು. ಮಗ ಹತ್ತು ನಿಮಿಷಕ್ಕೆ ಎದ್ದುಹೋದ, ಮಗಳು ಪೂರ್ತಿ ಕೂತಳು. ಅವಳಿಗೆ ಆಶ್ಚರ್ಯವಾದದ್ದು, ಯಾರೋ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆಗೆ ಎಂಜಿನಿಯರು ಉತ್ತರ ಕೊಡಲೇಬೇಕಾಯಿತಲ್ಲ ಅಂತ. ಅವಳ ನೋಟ್‌ಬುಕ್ಕಿನಲ್ಲಿ ಈಗ ಒಂದು ಪುಟ ಇದೆ: ಸವೆತ, ಕೊರಕಲು, ಹೊದಿಕೆ, ಅಂತರ್ಜಲ, ಊಹೆ, ಪುರಾವೆ, ತಕರಾರು. ಸ್ವತಂತ್ರ ಪರಿಶೀಲನೆಗೆ ತಾತ ಕೊಟ್ಟ ಪದ "ಮೂರನೆಯವರ ಕಣ್ಣು". ಪುಸ್ತಕದ ಕನ್ನಡದಲ್ಲಿ ಇದು ಇರಲಿಕ್ಕಿಲ್ಲ. ಇರಲಿ.

ಈ ಹೊಳೆಯ ಮೂರನೆಯವರು ಇನ್ನೊಬ್ಬರಿದ್ದಾರೆ, ಅವರೇ ಇಲ್ಲಿ ಎಲ್ಲರಿಗಿಂತ ಮೊದಲಿದ್ದವರು. ಕ್ಯಾಟರಾಗಸ್ ಕ್ರೀಕ್ ಈರಿ ಸರೋವರ ಸೇರುವ ಮುನ್ನ ಸೆನೆಕಾ ಜನರ ನೆಲದ ಮೂಲಕ ಹರಿಯುತ್ತದೆ. ಕ್ಯಾಟರಾಗಸ್ ಎಂಬುದೇ ಅವರ ಮಾತು, ನಾರುವ ದಂಡೆ ಅಂತ ಅರ್ಥ. ದಂಡೆಯಲ್ಲಿ ಹೊಮ್ಮುತ್ತಿದ್ದ ನೈಸರ್ಗಿಕ ಅನಿಲದ ವಾಸನೆಗೆ ಬಂದ ಹೆಸರು. ವೆಸ್ಟ್ ವ್ಯಾಲಿಯ ಸಭೆಗಳಲ್ಲಿ ಸೆನೆಕಾ ನೇಷನ್ ಕೂಡ ಮಾತಾಡುತ್ತದೆ, ಮಾತಾಡಲೇಬೇಕು, ಹೊಳೆಯ ಕೆಳಗಿರುವವರು ಅವರು. ವೆಸ್ಟ್ ವ್ಯಾಲಿಯಿಂದ ಇನ್ನೂ ದಕ್ಷಿಣಕ್ಕೆ ಸಲಮ್ಯಾಂಕಾ ಊರಿನಲ್ಲಿ ಅವರ ಮ್ಯೂಸಿಯಂ ಇದೆ. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. 1960ರ ದಶಕದಲ್ಲಿ ಕಿಂಜುವಾ ಅಣೆಕಟ್ಟು ಕಟ್ಟಿದಾಗ ಅವರ ಹತ್ತು ಸಾವಿರ ಎಕರೆ ಮುಳುಗಿದ ಕಥೆ ಅಲ್ಲಿ ಸಿಗುತ್ತದೆ. ಮುಳುಗಡೆ ಎಂಬ ಪದವನ್ನು ಮಗಳಿಗೆ ವಿವರಿಸಿದ್ದು ಅಲ್ಲಿಯೇ. ಶರಾವತಿಯ ಕಥೆಯನ್ನು ಮಾವ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದರು.

ಸೆನೆಕಾ ಭಾಷೆಯನ್ನು ಮನೆಯಲ್ಲಿ ಕಲಿತು ಬೆಳೆದವರು ಈಗ ಬಹಳ ಕಡಿಮೆ. ಮಕ್ಕಳಿಗೆ ಕಲಿಸಲು ಶಾಲೆ, ತರಗತಿ ನಡೆಸುತ್ತಿದ್ದಾರೆ. ಪ್ರತಿ ಶನಿವಾರ ಕನ್ನಡ ಶಾಲೆಗೆ ಕಾರು ಓಡಿಸುವ ನಮಗೆ ಈ ಕಷ್ಟ ಹೊಸದಲ್ಲ, ಆದರೆ ನಮ್ಮ ಬೆನ್ನಿಗೆ ಊರಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ. ಅವರಿಗೆ ಬೇರೆ ಊರಿಲ್ಲ.

ಭಾಷೆಗೂ ಈ ಹೊಂಡಗಳಿಗೂ ಇನ್ನೊಂದು ನಂಟಿದೆ. ಇಂಥ ಜಾಗಗಳಲ್ಲಿ ಮುಂದಿನವರಿಗೆ ಇಲ್ಲಿ ಅಗೆಯಬೇಡಿ ಅಂತ ಹೇಗೆ ಬರೆದಿಡುವುದು ಎಂಬುದು ವಿಜ್ಞಾನಿಗಳಿಗೆ ನಿಜವಾದ ತಲೆನೋವು. ನ್ಯೂ ಮೆಕ್ಸಿಕೋದ ತ್ಯಾಜ್ಯ ಗಣಿಗಾಗಿ 1990ರ ದಶಕದಲ್ಲಿ ಭಾಷಾಶಾಸ್ತ್ರಜ್ಞರು, ಕಲಾವಿದರನ್ನೆಲ್ಲ ಕೂರಿಸಿ 10,000 ವರ್ಷಕ್ಕೆ ನಿಲ್ಲುವ ಎಚ್ಚರಿಕೆ ಹೇಗಿರಬೇಕೆಂದು ಯೋಚಿಸಿದರು. ಮಾವ ಹಲ್ಮಿಡಿಯ ಪಕ್ಕದ ತಾಲ್ಲೂಕಿನವರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನಕ್ಕೆ ಸುಮಾರು 1,500 ವರ್ಷ. "ಅದು ನಮ್ಮ ಭಾಷೇನೇ, ನಮ್ಮ ಜಿಲ್ಲೇನೇ. ನಾನು ಎದುರಿಗೆ ನಿಂತ್ಕೊಂಡ್ರೆ ಒಂದಕ್ಷರ ಓದಕ್ಕಾಗಲ್ಲ," ಅಂದರು. ಆಮೇಲೆ ಜೇಬಿನಿಂದ ಲಾಡುಗಳ ಪೇಪರ್ ತೆಗೆದು 24,000ದ ಕೆಳಗೆ ಪೆನ್ಸಿಲಿನಲ್ಲಿ 1,500 ಅಂತ ಬರೆದರು. ನಾವು ಯಾರೂ ಏನೂ ಹೇಳಲಿಲ್ಲ.

ಮಕ್ಕಳಿಗೆ ಇಷ್ಟೆಲ್ಲ ಭಾರದ ವಿಷಯದ ನಡುವೆ ಓಡಾಡಲು ಜಾಗ ಬೇಡವೇ? ಹತ್ತಿರದ ಆಶ್‌ಫರ್ಡ್ ಹಾಲೋದಲ್ಲಿ ಗ್ರಿಫಿಸ್ ಶಿಲ್ಪ ಉದ್ಯಾನ ಇದೆ. ಗುಡ್ಡ-ಕಾಡುಗಳ ನಡುವೆ ತುಕ್ಕು ಹಿಡಿದ ಕಬ್ಬಿಣದ ದೈತ್ಯ ಶಿಲ್ಪಗಳು. ಹತ್ತಬೇಡ, ಮುಟ್ಟಬೇಡ ಅನ್ನುವವರಿಲ್ಲ. ಕಾಕತಾಳೀಯವೆಂದರೆ ಇದೂ ಶುರುವಾದದ್ದು 1966ರಲ್ಲೇ. ಬೇಸಿಗೆಯಿಂದ ಶರತ್ಕಾಲದವರೆಗೆ ಹೋಗಿ, ಉದ್ದ ಪ್ಯಾಂಟು ಹಾಕಿ, ಉಣ್ಣಿ ಕಾಟ ಇದೆ. ಜೋರ್ ವ್ಯಾಲಿಯ ಕಮರಿ ನೋಡಲು ಚೆನ್ನ, ಅಂಚಿನಲ್ಲಿ ತಡೆಗೋಡೆ ಇಲ್ಲ, ನೂರಾರು ಅಡಿ ಪ್ರಪಾತ, ಪ್ರಾಣ ಹೋದದ್ದಿದೆ. ಚಿಕ್ಕ ಮಕ್ಕಳಿದ್ದರೆ ಬೇಡ. ಸಸ್ಯಾಹಾರಿಗಳಿಗೆ ದಾರಿಯಲ್ಲಿ ಪಿಜ್ಜಾ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಬುತ್ತಿ ಕಟ್ಟಿಕೊಳ್ಳಿ, ನಾವು ಮೊಸರನ್ನ ಒಯ್ದಿದ್ದೆವು, ಮಜ್ಜಿಗೆ ಹಳ್ಳಕ್ಕೆ ಮೊಸರನ್ನ ಅಂತ ಮಗ ದಿನವಿಡೀ ನಕ್ಕ.

ಮಾವ ಊರಿಗೆ ಹೋಗಿ ತಿಂಗಳಾಯಿತು. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಮೊದಲ ಪ್ರಶ್ನೆ "ಪೂರಕ ವರದಿ ಬಂತೇನೇ ಪುಟ್ಟಿ?" ಬಂದರೆ ಸವೆತದ ಅಧ್ಯಾಯ ತಾತನಿಗೆ ಕನ್ನಡದಲ್ಲಿ ಓದಿ ಹೇಳುವುದು ಅಂತ ಮಾತಾಗಿದೆ. ಅದಕ್ಕೆ ಪದಗಳು ಬೇಕು. ಮಳೆನೀರು ಮಣ್ಣು ಕೊರೆದು ಮಾಡುವ ಸೀಳಿಗೆ ಹಾಸನದ ಕಡೆ ಕೊರಕಲು ಅನ್ನುತ್ತೇವೆ. ಧಾರವಾಡ, ಮಂಗಳೂರು, ಕೊಡಗು, ಕಲಬುರಗಿ ಕಡೆಯವರು ನಿಮ್ಮಲ್ಲಿ ಏನನ್ನುತ್ತೀರಿ, ಬರೆದು ಕಳಿಸಿ. ಮಗಳ ಪುಟದಲ್ಲಿ ಇನ್ನೂ ಜಾಗ ಇದೆ.